ಹದಿಮೂರನೆಯ ಫಾರಂ

ಪುಸ್ತಕ ಓದುವವರ ಮನಸ್ಸು ಮೃದು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಥ ಮೂರು ಜನರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಐವತ್ತರ ದಶಕದ ನಡುವಿನಲ್ಲಿ ಅವರು ಪ್ರತಿ ಭಾನುವಾರ ಮಧ್ಯಾಹ್ನ ಹುಣಸೂರಿನ ನಮ್ಮ ಮನೆ ಜಗಲಿಯ ಮೇಲೆ ಸೇರುತ್ತಿದ್ದರು. ಒಬ್ಬ ನನ್ನ ಅಣ್ಣ, ದಿನಸಿ ಅಂಗಡಿಯವನು. ಇನ್ನೊಬ್ಬರು ಭೇರ್ಯದ ಸ್ಕೂಲ್ ಮೇಷ್ಟ್ರು. ಮೂರನೆಯವರು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿದ್ದ ಮರದ ಡಿಪೋದ ಗುಮಾಸ್ತರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

ಮೂವರಿಗೂ ಸೇರಿ ಒಂದೇ ಪ್ರತಿ. ಮೈಸೂರಿನಿಂದ ಕಾದಂಬರಿ ಬಂದ ದಿನವೇ ಮೇಷ್ಟ್ರು ರಟ್ಟು ಕಿತ್ತು, ಬೆನ್ನಿನ ಹೊಲಿಗೆ ಬಿಚ್ಚಿ, ಹದಿನಾರು ಪುಟದ ಒಂದೊಂದು ಫಾರಮ್ಮನ್ನೂ ಬೇರೆ ಮಾಡಿ, ಕಂದು ಕಾಗದ ಹೊದಿಸಿ, ಮೇಲೆ ನಂಬರು ಬರೆದು ಹೊಲಿಯುತ್ತಿದ್ದರು. ಮೊದಲು ಅವರು ಓದಬೇಕು. ಆಮೇಲೆ ಅದು ಬಸ್ ಕಂಡಕ್ಟರನ ಕೈಯಲ್ಲಿ ಭೇರ್ಯದಿಂದ ನಮ್ಮ ಮನೆಗೆ, ನಮ್ಮಲ್ಲಿಂದ ಹ್ಯಾಂಡ್‌ಪೋಸ್ಟಿಗೆ ಹೋಗುತ್ತಿತ್ತು. ಹಿಂದೆಯೇ ಮುಂದಿನದು ಬರುತ್ತಿತ್ತು. ನಮ್ಮಲ್ಲಿರುವ ಎರಡು ಮೂರು ದಿನದಲ್ಲಿ ನಾನೂ ಅದನ್ನು ಓದಿ ಮುಗಿಸುತ್ತಿದ್ದೆ. ಅಣ್ಣನಿಗೆ ಗೊತ್ತಿತ್ತು, ಬೇಡ ಅಂದಿರಲಿಲ್ಲ.

ಜಗಲಿಯ ಮಾತೆಲ್ಲ ನನಗೆ ಕೇಳುತ್ತಿತ್ತು. ಮೇಷ್ಟ್ರಿಗೆ ರಾಜರ ಕಾಲದ ಕತೆಯೇ ಆಗಬೇಕು. ಗುಮಾಸ್ತರಿಗೆ ಪತ್ತೇದಾರಿ, ಮೊದಲ ಅಧ್ಯಾಯದಲ್ಲಿ ಒಂದು ಹೆಣ ಬೀಳದಿದ್ದರೆ ಆಕಳಿಕೆ ಬರುತ್ತಿತ್ತು. ಅಣ್ಣನಿಗೆ ಸಂಸಾರದ ಕತೆ, ಬೇಕಾದಷ್ಟು ಅಳು, ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು. ನಡುವೆ ಹೊಗೆಸೊಪ್ಪಿನ ದರ, ಎನ್. ಬೇಗೂರಿನ ಕಡೆ ಆನೆ ಇಳಿದದ್ದು, ಗುಮಾಸ್ತರ ಹಲ್ಲುನೋವು. ಕೇಳಲು ಚೆನ್ನಾಗಿಯೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಪಿರಿಯಾಪಟ್ಟಣದ ಪಕ್ಕದ ಹಳ್ಳಿ, ಹೊಲ ಗದ್ದೆ ಚೆನ್ನಾಗಿದ್ದ ಮನೆತನ. ಗಂಡ ಕೈ ಎತ್ತುತ್ತಿದ್ದ. ಕೈ ಎತ್ತುತ್ತಿದ್ದ ಎಂದರೆ ಮಾತು ಮೆತ್ತಗಾಯಿತು; ಎತ್ತಿನ ಹಗ್ಗದಲ್ಲಿ ಹೊಡೆಯುತ್ತಿದ್ದ. ನನ್ನನ್ನು ವಾಪಸ್ ಕಳಿಸಬೇಕೆಂದು ಅಣ್ಣ, ಅವ್ವ ಇಬ್ಬರೂ ಹಟ ಹಿಡಿದಿದ್ದರು. ಆಗಲೇ ಬಂತು ಆ ಕಾದಂಬರಿ. ಅದರ ನಾಯಕಿ ಮೂರನೆಯ ಫಾರಮ್ಮಿನಲ್ಲಿ ಗಂಡನ ಮನೆ ಬಿಟ್ಟು ಹೊರಟಳು.

"ಗಂಡ ಒಂದೇಟು ಹೊಡ್ದ ಅಂತ ಮನೆ ಬಿಟ್ಟು ಬರೋದಾ? ಬರ್ದೋನಿಗೆ ಸಂಸಾರ ಗೊತ್ತಿಲ್ಲ ಕಣ್ರೀ," ಎಂದರು ಮೇಷ್ಟ್ರು.

"ಎಲ್ಲೋಯ್ತಾಳೆ ಬುಡಿ, ಕೊನೇಗೆ ಅಲ್ಲಿಗೇ ಓಗ್ಬೇಕು," ಎಂದ ಅಣ್ಣ.

ಯಾರ ಬಗ್ಗೆ ಮಾತು ಎನ್ನುವುದು ಮೂವರಿಗೂ ಗೊತ್ತಿತ್ತು. ವಾರವಾರವೂ ಅದೇ ಪಂಚಾಯ್ತಿ. ಒಬ್ಬರಾದರೂ ಒಂದು ಸಲ ಬಾಗಿಲ ಕಡೆ ತಿರುಗಿ, ನೀನೇನಂತೀಯಮ್ಮಾ ಎಂದು ಕೇಳಲಿಲ್ಲ. ನಾನು ಕಾಫಿ ಕೊಡುತ್ತಿದ್ದೆ, ಅವರು ಕುಡಿಯುತ್ತಿದ್ದರು.

ಹದಿಮೂರನೆಯದು ಕೊನೆಯ ಫಾರಂ. ಅದರ ಬದಲು ಅಣ್ಣ ಒಂದು ಸ್ಕೂಲ್ ನೋಟ್‌ಬುಕ್ ತಂದುಕೊಟ್ಟ.

"ಪಾರಮ್ಮು ಬಸ್ಸಲ್ಲಿ ಕಳ್ದೋಯ್ತಂತೆ ಕಣವ್ವ. ಮೇಷ್ಟ್ರು ಮೊದ್ಲೇ ಓದಿದ್ರಲ್ಲ, ನೆನಪಿಂದ ಬರ್ದು ಕೊಟ್ಟವ್ರೆ. ಓದ್ಕೊ."

ಮೇಷ್ಟ್ರ ಅಕ್ಷರ ಮುತ್ತಿನಂತಿತ್ತು. ನಾಯಕಿ ತಾನಾಗಿಯೇ ಗಂಡನ ಮನೆಗೆ ಹೋಗುತ್ತಾಳೆ. ಅವನ ಕಾಲು ಹಿಡಿಯುತ್ತಾಳೆ. ಅವನು ಅಳುತ್ತಾನೆ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡುತ್ತಾನೆ, ಮಾಡಿದಂತೆಯೇ ನಡೆಯುತ್ತಾನೆ. ನಾನು ನಂಬಿದೆ. ನನ್ನ ದಡ್ಡತನ ನೆನೆದರೆ ನನಗೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ. ಆದರೆ ಹನ್ನೆರಡು ಫಾರಂ ಪೂರ್ತಿ ಆ ಹೆಂಗಸು ನನ್ನ ಮನಸ್ಸಿನಲ್ಲಿದ್ದದ್ದನ್ನೇ ಆಡಿದ್ದಳು. ಅವಳೇ ಹೋದಳೆಂದರೆ ನನಗೆ ಗೊತ್ತಿಲ್ಲದ್ದು ಏನೋ ಅವಳಿಗೆ ಗೊತ್ತಿರಬೇಕು ಅಂದುಕೊಂಡೆ. ಮಾರನೆಯ ದಿನ ಅವ್ವನಿಗೆ "ಓಗ್ತೀನಿ" ಅಂದೆ. ಅವ್ವ ಖುಷಿಯಲ್ಲಿ ನನ್ನ ಟ್ರಂಕಿಗೆ ಸೀರೆ ತುಂಬಿದಳು. ಸೋಮವಾರ ಬೆಳಿಗ್ಗೆಯ ಬಸ್ಸು ಎಂದು ನಿಶ್ಚಯವಾಯಿತು.

ಹಿಂದಿನ ದಿನ ಭಾನುವಾರ. ಗುಮಾಸ್ತರು ಜಗಲಿ ಹತ್ತುತ್ತಲೇ ಶುರುಮಾಡಿದರು.

"ಕೊನೇ ಪಾರಮ್ಮು ಓದ್ದೆ ಕಣ್ರೀ. ಪಾಪ, ಬರ್ದೋನು ಬಾವಿಗೆ ಬೀಳಿಸ್ಬುಟ್ನಲ್ಲ ಅವಳನ್ನ! ಈ ಒಂದು ಎಣಕ್ಕೆ ಅದಿಮೂರು ಪಾರಮ್ಮು ಕಾಯಿಸ್ದ."

ಮೇಷ್ಟ್ರು ಕೆಮ್ಮಿದರು. ಅಣ್ಣ ಏನೋ ಸನ್ನೆ ಮಾಡಿರಬೇಕು, ಗುಮಾಸ್ತರು ತಟ್ಟನೆ ತಮ್ಮ ಹಲ್ಲುನೋವಿನ ಮಾತೆತ್ತಿದರು. ಫಾರಂ ಕಳೆದಿರಲೇ ಇಲ್ಲ. ನಮ್ಮ ಮನೆಯನ್ನು ದಾಟಿಸಿ ನೇರವಾಗಿ ಹ್ಯಾಂಡ್‌ಪೋಸ್ಟಿಗೆ ಕಳಿಸಿದ್ದರು. ಆ ಗುಮಾಸ್ತರಿಗೆ ಒಂದು ಮಾತು ತಿಳಿಸುವುದನ್ನು ಮಾತ್ರ ಮರೆತಿದ್ದರು.

ನಾನು ನೋಟ್‌ಬುಕ್ ಹಿಡಿದುಕೊಂಡು ಜಗಲಿಗೆ ಬಂದೆ. ಅಷ್ಟು ದಿನ ಕಾಫಿ ಇಟ್ಟು ಒಳಗೆ ಹೋಗುತ್ತಿದ್ದವಳು ಅಲ್ಲೇ ನಿಂತೆ.

"ಎಲ್ಲಿ ಪಾರಮ್ಮು? ಕೊಡಿ."

ಗುಮಾಸ್ತರು ಚೀಲದಿಂದ ತೆಗೆದು ಕೊಟ್ಟರು. ನಿಂತಲ್ಲೇ ಓದಿದೆ. ನಿಜ, ಬರೆದವನು ಅವಳನ್ನು ಬಾವಿಗೆ ನೂಕಿದ್ದ. ಗಂಡ ಕಟ್ಟೆಯ ಮೇಲೆ ಕೂತು ಎರಡು ಪುಟ ಅಳುತ್ತಿದ್ದ.

"ನಿನ್ನ ಒಳ್ಳೇದಕ್ಕೇ ಕಣಮ್ಮಾ," ಎಂದರು ಮೇಷ್ಟ್ರು. "ಇದನ್ನ ಓದಿ ನೀನೂ ಏನಾದ್ರೂ ಮಾಡ್ಕೊಂಡ್ರೆ ಅಂತ ಹೆದ್ರಿಕೆ ಆಯ್ತು." ಅವರ ಕಣ್ಣು ಒದ್ದೆಯಾಗಿತ್ತು. ಆ ಕಣ್ಣೀರು ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

"ಬರ್ದೋನು ಬಾವಿಗೆ ನೂಕ್ದ, ನೀವು ಗಂಡನ ಕಾಲಿಗೆ ನೂಕಿದ್ರಿ. ಇಷ್ಟೊಂದು ಓದ್ತೀರಿ, ಇಬ್ಬರಿಗೂ ಇನ್ನೊಂದು ದಾರಿ ಒಳೀಲಿಲ್ವಾ?"

"ಒಳಿಕ್ಕೋಗು," ಎಂದ ಅಣ್ಣ. "ನಾಳೆ ಬಸ್ಸದೆ."

"ಬಸ್ಸು ಓಗ್ಲಿ. ನಾನು ಓಗಲ್ಲ. ಸಾಯೋದೂ ಇಲ್ಲ. ಇದು ನಮ್ಮಪ್ಪನ ಮನೆ, ಇಲ್ಲೇ ಇರ್ತೀನಿ."

ಅಣ್ಣ ಎದ್ದು ನಿಂತ. ನಾನು ಅವನ ಕಡೆ ನೋಡಲಿಲ್ಲ. ನೋಟ್‌ಬುಕ್ಕನ್ನು ಮೇಷ್ಟ್ರ ಮಡಿಲಿಗೆ ಹಾಕಿದೆ.

"ಒಡೆಯೋದು ಬುಟ್ಟ ಗಂಡನ ಕತೆ ಬರ್ದಿದ್ದೀರಿ ಇದ್ರಲ್ಲಿ. ನಂಗ್ಯಾಕೆ ಕೊಟ್ರಿ? ನನ್ನ ಗಂಡಂಗೂ ಓದಾಕೆ ಬತ್ತದೆ. ಪಿರಿಯಾಪಟ್ಣದ ಬಸ್ಸಿಗೆ ಕೊಟ್ಟು ಕಳ್ಸಿ."

ಮೇಷ್ಟ್ರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಆ ಮನೆಯಲ್ಲೇ ಉಳಿದೆ. ಅಣ್ಣ ಎರಡು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ, ಆಮೇಲೆ ಆಡಿದ. ನೋಟ್‌ಬುಕ್ ಏನಾಯಿತೆಂದು ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ. ಮೇಷ್ಟ್ರು ಅದನ್ನು ಕಳಿಸಲಿಲ್ಲವಂತೆ. ಅಂಥ ಒರಟ ಅದನ್ನು ಓದಿ, ಸಿಟ್ಟಿಗೆದ್ದು, ಭೇರ್ಯದವರೆಗೂ ಬಂದು ತಮ್ಮನ್ನು ಹೊಡೆದುಬಿಟ್ಟರೆ ಎಂದು ಹೆದರಿದರಂತೆ. ಅವನ ಮನೆಗೆ ನನ್ನನ್ನು ಕಳಿಸಲು ಮಾತ್ರ ಹೆದರಿಕೆಯಾಗಿರಲಿಲ್ಲ.