ಒಂದು ಹಿಡಿ ಹಾಕಿ ನೋಡೋಣ ಎಂದವರು

ಅವರ ಬಲಗಡೆಯ ಹುಬ್ಬು ಅರ್ಧವೇ ಇತ್ತು. ಮಂಡಕ್ಕಿ ಭಟ್ಟಿಯ ಒಲೆಬಾಯಿಗೆ ಮತ್ತೆ ಮತ್ತೆ ಬಗ್ಗಿ ಬೆಂಕಿ ನೋಡುತ್ತಿದ್ದುದರಿಂದ ಹೊರಗಿನ ಅರ್ಧ ಸುಟ್ಟುಹೋಗಿ, ಮತ್ತೆ ಬೆಳೆಯುವ ಆಸೆಯನ್ನೇ ಬಿಟ್ಟುಬಿಟ್ಟಿತ್ತು. ಉಳಿದರ್ಧ ಸ್ವಲ್ಪ ಮೇಲಕ್ಕೆ ಎತ್ತಿದಂತೆ ಇತ್ತು. ಹಾಗಾಗಿ ಅವರು ಸುಮ್ಮನೆ ಕೂತಿದ್ದಾಗಲೂ ಎದುರಿನವರನ್ನು ಏನೋ ಕೇಳುತ್ತಿದ್ದಾರೆ ಅನಿಸುತ್ತಿತ್ತು. ನಿಜಕ್ಕೂ ಅವರು ಕೇಳುತ್ತಲೇ ಇರುತ್ತಿದ್ದರು. ಚರಂಡಿ ಬಳಿಯಲು ಬಂದವನನ್ನು ನಿಲ್ಲಿಸಿ, ಈ ನೀರೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಅವನಿಗೆ ಗೊತ್ತಿಲ್ಲವೆಂದಾಗ ಸೆರಗು ಬಿಗಿದುಕೊಂಡು ಚರಂಡಿಯ ಪಕ್ಕದಲ್ಲೇ ನಡೆದು ಹೋಗಿ ನೋಡಿಕೊಂಡು ಬಂದವರು. ಮಂಡಕ್ಕಿ ಕೊಳ್ಳಲು ಬರುತ್ತಿದ್ದ ಶೆಟ್ಟರ ಹೆಂಡತಿಯನ್ನು, "ಕೊರಳಾಗ ಲಿಂಗ ಕಟ್ಟಿಕೊಂಡೀರಲ್ಲ ಅಕ್ಕಾರ, ಮಲಗುವಾಗ ಒತ್ತಂಗಿಲ್ಲೇನು?" ಎಂದು ಕೇಳಿದ್ದರು. ಆಕೆ ನಕ್ಕು ನಕ್ಕು ಕೂತುಕೊಂಡು, ಲಿಂಗವಿದ್ದ ಬೆಳ್ಳಿಯ ಕರಡಿಗೆ ತೆಗೆದು ತೋರಿಸಿ, ಒಂದು ತಾಸು ಮಾತಾಡಿ ಹೋಗಿದ್ದರು.

ದಾವಣಗೆರೆಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಖಾಲಾ. ಖಾಲಾ ಎಂದರೆ ತಾಯಿಯ ಅಕ್ಕನೋ ತಂಗಿಯೋ ಆಗಬೇಕು. ನನ್ನ ಅವ್ವನೂ ಅವರನ್ನು ಖಾಲಾ ಅನ್ನುತ್ತಿದ್ದಳು, ನಾನೂ ಖಾಲಾ ಅನ್ನುತ್ತಿದ್ದೆ. ನಮ್ಮದು ಹತ್ತಿ ಹಿಂಜುವ ಮನೆತನ. ಮನೆಯ ಮಾತು ಕನ್ನಡ, ನಮಾಜು ಅರಬ್ಬಿ, ಬೈಗುಳ ಮಾತ್ರ ಉರ್ದು. ಖಾಲಾ ಹರಿಹರದಲ್ಲಿ ಹುಟ್ಟಿದವರು. ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ತಾವೇ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಸಾರಥಿ ಎಂಬ ಹಳ್ಳಿಯ ಕಡೆಯಿಂದ ಭತ್ತ ಬರುತ್ತಿತ್ತು. ಹುರಿಯುವುದಕ್ಕೆ ಬೇಕಾದ ಮರಳಿನ ವಿಷಯದಲ್ಲಿ ಮಾತ್ರ ಯಾರನ್ನೂ ನಂಬದೆ ತಾವೇ ರೈಲು ಹತ್ತಿ ಹರಿಹರಕ್ಕೆ ಹೋಗಿ, ಹೊಳೆಯ ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡಿ ಆರಿಸುತ್ತಿದ್ದರು. ಅದು ತವರಿಗೆ ಹೋಗಲು ಅವರು ಕಂಡುಕೊಂಡ ನೆಪ ಎಂದು ಅವ್ವ ಛೇಡಿಸುತ್ತಿದ್ದಳು.

ಭಟ್ಟಿಯ ಎದುರಿಗೇ ಮಸೀದಿಯ ಕಟ್ಟೆ. ಸಂಜೆಯ ನಮಾಜು ಮುಗಿಸಿದ ಗಂಡಸರು ಅಲ್ಲಿ ಕೂತು, ಖಾಲಾರ ಬಿಸಿ ಮಂಡಕ್ಕಿ ಮೆಲ್ಲುತ್ತ ಲೋಕದ ಚಿಂತೆ ಮಾಡುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಅವರ ದೊಡ್ಡ ಚಿಂತೆ ಓಣಿಯ ಹೆಣ್ಣುಮಕ್ಕಳ ಓದು. ಯಾವುದೋ ಊರಿನಿಂದ ಬಂದ ಮೌಲ್ವಿಗಳೊಬ್ಬರು ಒಂದು ಶುಕ್ರವಾರ ಹೆಣ್ಣುಮಕ್ಕಳನ್ನು ಓದಿಸಿ ಎಂದು ಹೇಳಿ, ಊಟ ಮಾಡಿ, ರೈಲು ಹತ್ತಿ ಹೋಗಿಬಿಟ್ಟಿದ್ದರು. ಅವರು ಬಿಟ್ಟುಹೋದ ಮಾತು ವರ್ಷಗಟ್ಟಲೆ ಕಟ್ಟೆಯ ಮೇಲೇ ಕೂತಿತ್ತು. ಓದಿಸಬೇಕು, ಸರಿ. ಉರ್ದುವೋ ಕನ್ನಡವೋ? ನಾಲ್ಕನೆಯ ಇಯತ್ತೆ ಸಾಕೋ, ಮುಂದಕ್ಕೂ ಬೇಕೋ? ಮಿಡ್ಲ್ ಸ್ಕೂಲಿಗೆ ಹೋಗುವ ದಾರಿಯಲ್ಲಿ ಟಾಕೀಸು ಇದೆಯಲ್ಲ, ಅದಕ್ಕೇನು ಮಾಡುವುದು? ಬಳೆ ಅಂಗಡಿ ಚಾಚಾ ಈ ಕಟ್ಟೆಯ ದೊಡ್ಡ ವಾಗ್ಮಿ. ಅವರು ಎದ್ದು ನಿಂತರೆ ಮಂಡಕ್ಕಿ ಮೆತ್ತಗಾಗುವವರೆಗೂ ಮಾತು. ನನ್ನ ಅಪ್ಪ ತಲೆ ಆಡಿಸುವವರ ಗುಂಪಿನವನು. ಪರವಾಗಿ ಮಾತಾಡಿದವರಿಗೂ ಆಡಿಸುತ್ತಿದ್ದ, ವಿರೋಧವಾಗಿ ಮಾತಾಡಿದವರಿಗೂ ಆಡಿಸುತ್ತಿದ್ದ.

ಆ ಹೊತ್ತಿಗೆ ನಾನು ನಾಲ್ಕನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದೆ. ಮುಂದೆ ಓದಬೇಕೆಂಬ ಆಸೆ ಬಹಳ ಇತ್ತು. ಆದರೆ ಸೊಂಟದ ಮೇಲೆ ತಮ್ಮನಿದ್ದ. ಅವ್ವ ಅಪ್ಪನ ಜೊತೆ ಹಾಸಿಗೆ ತುಂಬುವ ಕೆಲಸಕ್ಕೆ ಮನೆ ಮನೆಗೆ ಹೋಗುತ್ತಿದ್ದಳು. ಕೂಸನ್ನು ಎತ್ತಿಕೊಂಡು ಭಟ್ಟಿಯ ಬಾಗಿಲಲ್ಲಿ ನಿಲ್ಲುವುದು, ಖಾಲಾರನ್ನು ಪ್ರಶ್ನೆ ಕೇಳಿ ಪೀಡಿಸುವುದು ನನ್ನ ಕಾಲಕ್ಷೇಪ. ಅಕ್ಕಿ ಯಾಕೆ ಉಬ್ಬುತ್ತದೆ, ಮರಳು ಯಾಕೆ ಉಬ್ಬುವುದಿಲ್ಲ, ಇಂಥವು.

ಒಂದು ದಿನ ಖಾಲಾ ಭಟ್ಟಿಯ ಕೆಲಸ ಬಿಟ್ಟು ಓಣಿಯ ಮನೆ ಮನೆಗೆ ಹೊರಟರು. ಮಾರುವುದಕ್ಕಲ್ಲ, ಕೇಳುವುದಕ್ಕೆ. ನಮ್ಮ ಮನೆಗೂ ಬಂದು ಹೊಸ್ತಿಲ ಮೇಲೆ ಕೂತರು.

"ನಿನ್ನ ಮಗಳು ಯಾಕ ಸಾಲಿಗೆ ಹೋಗ್ತಿಲ್ಲವ್ವ?"

ಅವ್ವ ತಡಮಾಡದೆ ಹೇಳಿದಳು: "ಕೂಸು ಯಾರು ನೋಡ್ತಾರ ಖಾಲಾ?"

ಖಾಲಾ ಜೋರಾಗಿ ನಕ್ಕುಬಿಟ್ಟರು. "ಟಾಕೀಸಿಂದು ಏನೂ ಇಲ್ಲೇನು? ಉರ್ದು, ಕನ್ನಡ?"

"ಅದೆಲ್ಲಾ ನಂಗೇನು ಗೊತ್ತು? ಇವಳು ಹೋದ್ರ ನಾನು ಕೂಸು ಹೊತ್ಕಂಡು ಹತ್ತಿ ಹಿಂಜಾಕಾಗ್ತೈತೇನು?"

ಎಲ್ಲ ಮನೆಯಲ್ಲೂ ಅದೇ ಉತ್ತರ ಬಂದಿತ್ತಂತೆ. ಕಟ್ಟೆಯ ಮೇಲೆ ಅಷ್ಟು ದಿನ ನಡೆದ ಚರ್ಚೆಯಲ್ಲಿ ಕೂಸಿನ ಸುದ್ದಿ ಒಂದು ಸಲವೂ ಬಂದಿರಲಿಲ್ಲ. ಖಾಲಾ ಅವ್ವನಿಗೆ, "ನಾಳೆಯಿಂದ ನಿನ್ನ ಕೂಸು ನನ್ನ ಹಿತ್ತಲದಾಗ ಇರ್ಲಿ. ಇವಳನ್ನ ಕಳ್ಸು" ಎಂದು ಎದ್ದು ಹೊರಟರು. ಅಪ್ಪ ಬೇಡ ಅನ್ನಲಿಲ್ಲ. ಕಟ್ಟೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲವಲ್ಲ ಎಂದಷ್ಟೇ ಗೊಣಗಿದ.

ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಓಡಿಹೋಗಿ ಕೇಳಿದೆ: "ಖಾಲಾ, ಹೆಣ್ಣುಮಕ್ಕಳು ಓದಬೇಕು ಅಂತ ನಿಮಗೆ ಯಾಕ ಅನಿಸ್ತು?"

"ನಂಗೆಲ್ಲಿ ಅನಿಸ್ತು?" ಅಂದರು ಅವರು. "ಓದಿದ್ರ ಕೆಡ್ತಾರ ಅಂತ ಅರ್ಧ ಮಂದಿ, ಉದ್ಧಾರ ಆಗ್ತಾರ ಅಂತ ಅರ್ಧ ಮಂದಿ. ದಿನಾ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು. ಮರಳು ಕಾದೈತೋ ಇಲ್ಲೋ ಅಂತ ನಾವೇನು ಕಟ್ಟೆ ಮ್ಯಾಲೆ ಕೂತು ಮಾತಾಡ್ತೀವೇನು? ಒಂದು ಹಿಡಿ ಅಕ್ಕಿ ಹಾಕಿ ನೋಡ್ತೀವಿ. ಹಂಗೆ ನಿನ್ನ ಹಾಕಿ ನೋಡಾಣ."

ನನಗೆ ಭಯವಾಯಿತು. "ನಾನು ಸುಟ್ಟುಹೋದ್ರ?"

ಅವರು ಆ ಅರ್ಧ ಹುಬ್ಬು ಏರಿಸಿ ನನ್ನನ್ನು ನೋಡಿದರು. "ಸುಟ್ಟರ ಮರಳಿನ ತಪ್ಪು. ಅಕ್ಕಿ ಏನು ಮಾಡ್ತೈತೆ?"

ಹೀಗೆ ನಾನು ಮಿಡ್ಲ್ ಸ್ಕೂಲಿಗೆ ಹೋದೆ. ಕೆಲವು ತಿಂಗಳಲ್ಲಿ ಇನ್ನೂ ಮೂರು ಹುಡುಗಿಯರು ಬಂದರು, ಅವರ ಮನೆಯ ಕೂಸುಗಳು ಖಾಲಾರ ಹಿತ್ತಲಿಗೆ ಬಂದವು. ಬೇವಿನ ಮರಕ್ಕೆ ಒಂದು ಜೋಲಿ, ನೆಲಕ್ಕೆ ಒಂದು ಹಳೆಯ ಕೌದಿ. ಇತ್ತ ಭಟ್ಟಿ, ಅತ್ತ ಕೂಸುಗಳು. ನಡುವೆ ಏನೂ ಇರಲಿಲ್ಲ, ಖಾಲಾರ ಕಣ್ಣೊಂದೇ ಕಾವಲು.

ಆ ಕಣ್ಣು ಒಂದು ದಿನ ತಪ್ಪಿತು. ಜರಡಿ ಹಿಡಿದು ಆಗತಾನೆ ಸುರಿದಿದ್ದ ಕಾದ ಮರಳಿನ ಗುಡ್ಡೆಗೆ ನನ್ನ ತಮ್ಮ ತೆವಳಿಕೊಂಡು ಹೋಗಿ ಕೈಯಿಟ್ಟ. ನಾನು ಶಾಲೆಯಿಂದ ಬಂದಾಗ ಅವನ ಅಂಗೈ ತುಂಬ ಬೊಬ್ಬೆ. ಅವ್ವ ಅಳುತ್ತಿದ್ದಳು. ಅಪ್ಪ ಯಾರ ಮೇಲೂ ರೇಗದೆ, ನನ್ನ ಪುಸ್ತಕಗಳನ್ನು ತೆಗೆದು ಅಟ್ಟದ ಮೇಲಿಟ್ಟ. ಆ ಸಂಜೆ ಕಟ್ಟೆ ಕಿಕ್ಕಿರಿದಿತ್ತು. ನೋಡಿದಿರಾ, ನಾವು ಹೇಳಿರಲಿಲ್ಲವೇ ಎಂದು ಎಲ್ಲರೂ ಹೇಳುತ್ತಿದ್ದರು. ಏನು ಹೇಳಿದ್ದರೋ ನನಗೆ ಈಗಲೂ ತಿಳಿಯದು. ಮಿಕ್ಕ ಹುಡುಗಿಯರೂ ಮನೆಯಲ್ಲಿ ಉಳಿದರು. ನಾನು ತಮ್ಮನ ಕೈಗೆ ಎಣ್ಣೆ ಸವರುತ್ತ, ಎಲ್ಲ ಮುಗಿಯಿತು ಎಂದುಕೊಂಡೆ. ಅವನ ಮೇಲೆ ಮರುಕ, ನನ್ನ ಮೇಲೂ ಮರುಕ. ಯಾವುದು ಹೆಚ್ಚು ಅನ್ನುವುದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಖಾಲಾ ಬಂದು ಕೂಸಿನ ಕೈ ನೋಡಿದರು. ಬೊಬ್ಬೆಗಳ ಮೇಲೆ ಮೆಲ್ಲಗೆ ಊದಿದರು. ಆಮೇಲೆ ನನ್ನನ್ನು ಕೇಳಿದರು: "ಸಾಲಿ ಗಂಟೆ ಎಷ್ಟೊತ್ತಿಗೆ ಹೊಡಿತಾರ?"

ಮರುದಿನದಿಂದ ಶಾಲೆಯ ಗಂಟೆಯ ಹೊತ್ತಿಗೆ ಅವರ ಭಟ್ಟಿಯ ಹೊಗೆ ನಿಂತಿತು. ನಸುಕಿನಲ್ಲೇ ಹುರಿದಷ್ಟು ಹುರಿದು, ಬೆಂಕಿ ಆರಿಸಿ, ಮರಳಿನ ಮೇಲೆ ತಗಡು ಮುಚ್ಚಿ, ಕೂಸುಗಳಿಗಾಗಿ ಕಾಯುತ್ತ ಕೂರುತ್ತಿದ್ದರು. ಕೂಸುಗಳು ಮಾತ್ರ ಬರಲಿಲ್ಲ. ಅಪ್ಪಂದಿರು ಬಿಡಲಿಲ್ಲ. ಆದರೂ ಖಾಲಾ ಮರುದಿನದ ನಸುಕಿನವರೆಗೆ ಮತ್ತೆ ಬೆಂಕಿ ಹೊತ್ತಿಸಲಿಲ್ಲ. ಕಟ್ಟೆಗೆ ಸಂಜೆಯ ಬಿಸಿ ಮಂಡಕ್ಕಿ ತಪ್ಪಿತು. ಚಹಾದಂಗಡಿಯವರು ಬೇರೆ ಭಟ್ಟಿ ಹುಡುಕಿಕೊಂಡರು. ಹೀಗೇ ಆದರೆ ಖಾಲಾ ಭಟ್ಟಿಯನ್ನೇ ಮುಚ್ಚಬೇಕಾಗುತ್ತದೆ ಎಂದು ಅವ್ವ ಹೆದರಿದಳು.

ಈಗ ಕಟ್ಟೆಗೆ ಹೊಸ ವಿಷಯ ಸಿಕ್ಕಿತು. ಭಟ್ಟಿಗೂ ಹಿತ್ತಲಿಗೂ ನಡುವೆ ಒಂದು ಗೋಡೆ ಆಗಬೇಕು. ಆಗಲೇಬೇಕು. ಮಣ್ಣಿನದೋ ಇಟ್ಟಿಗೆಯದೋ? ಹಿತ್ತಲಿನ ಜಾಗದಲ್ಲಿ ಮಸೀದಿಯ ಪಾಲು ಎಷ್ಟು? ಬಳೆ ಅಂಗಡಿ ಚಾಚಾ ಗೋಡೆಯ ಬಗ್ಗೆ ಸತತವಾಗಿ ಮಾತಾಡಿದರು. ಒಂದು ಸಂಜೆ ಖಾಲಾ ಓಣಿ ದಾಟಿ ಕಟ್ಟೆಯ ಹತ್ತಿರ ಬಂದು ನಿಂತರು. ಹಿಂದೆಂದೂ ಅವರು ಅಲ್ಲಿಗೆ ಬಂದವರಲ್ಲ. ಚಾಚಾರನ್ನೇ ನೋಡಿ ಕೇಳಿದರು:

"ಭಾಯಿ, ನಿಮ್ಮ ಗೋಡೆ ಎಲ್ಲಿ ಬರ್ತೈತೆ ಅಂತ ನಂಗ ತಿಳೀವಲ್ದು. ಒಂದೀಟು ಬಂದು ತೋರಿಸ್ರಿ."

ತೋರಿಸಲು ಹೇಳಿದರೆ ಚಾಚಾ ಯಾಕೆ ಬಿಡುತ್ತಾರೆ? ಬಂದರು. ಖಾಲಾ ಒಂದು ಪುಟ್ಟಿ ಬೂದಿ ಅವರ ಕೈಗೆ ಕೊಟ್ಟು, "ಗೆರೆ ಎಳೀರಿ, ನಂಗ ಮರೆತು ಹೋಗ್ತೈತೆ" ಅಂದರು. ಎಳೆದರು. "ಎಷ್ಟು ಆಳ ತೋಡಬೇಕು ಭಾಯಿ?" ಮೊಣಕಾಲಿನಷ್ಟು ಎಂದರು ಚಾಚಾ. "ಮೊಣಕಾಲು ಅಂದ್ರ ಯಾರದು? ನಂದೋ ನಿಮ್ಮದೋ?" ಎಂದು ಸಲಿಕೆ ಕೊಟ್ಟರು. ಚಾಚಾ ಸಲಿಕೆಯನ್ನು ನೋಡಿದರು, ಕಟ್ಟೆಯ ಕಡೆ ನೋಡಿದರು. ಕಟ್ಟೆಯವರೆಲ್ಲ ಕುತೂಹಲದಿಂದ ಎದ್ದು ನಿಂತಿದ್ದರು. ಹುಡುಗಿಯರ ಮುಂಗೈಗೆ ಬಳೆ ಏರಿಸಿ ಮಾತ್ರ ಅಭ್ಯಾಸವಿದ್ದ ಆ ಮೆದು ಕೈ ಅವತ್ತು ಮೊದಲ ಗುದ್ದು ಹಾಕಿತು. ಖಾಲಾ ಪಕ್ಕದಲ್ಲಿ ನಿಂತು, ನಿಜವಾದ ಆಸಕ್ತಿಯಿಂದ, ಮಣ್ಣು ಹಸಿಯಾಗಿದ್ದರೆ ಒಳ್ಳೆಯದೋ ಒಣಗಿದ್ದರೆ ಒಳ್ಳೆಯದೋ ಎಂದು ಕೇಳುತ್ತಲೇ ಇದ್ದರು. ಕತ್ತಲಾಗುವ ಹೊತ್ತಿಗೆ ಚಾಚಾ ಬನಿಯನ್ನಿನಲ್ಲಿದ್ದರು. ಮಾರನೆಯ ದಿನ ಇನ್ನಿಬ್ಬರು ಬಂದರು. ಮಣ್ಣು ತುಳಿಯುವವರು, ನೀರು ತರುವವರು, ಸುಮ್ಮನೆ ನಿಂತು ತಪ್ಪು ಹಿಡಿಯುವವರು. ಅವರಿಗೂ ಖಾಲಾ ಏನಾದರೂ ಕೇಳಿ ಕೈಗೆ ಏನಾದರೂ ಕೊಡುತ್ತಿದ್ದರು.

ಗೋಡೆ ನೆಟ್ಟಗೆ ಬರಲಿಲ್ಲ. ನಡುವೆ ಹೊಟ್ಟೆ ಬಂದಿತ್ತು. ಆದರೆ ಎದೆಯೆತ್ತರ ಇತ್ತು. ಮುಗಿದ ದಿನ ಅಪ್ಪ ತಮ್ಮನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಕಡೆ ಬಿಟ್ಟು, ತಾನು ದೂರ ನಿಂತು ನೋಡಿದ. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಕೂಸು ಗೋಡೆಯವರೆಗೆ ತೆವಳಿತು, ತಡಕಾಡಿತು, ಕೂತು ಅತ್ತಿತು, ವಾಪಸು ಬಂತು. ಅಪ್ಪ ಮನೆಗೆ ಬಂದು ಅಟ್ಟಕ್ಕೆ ಏಣಿ ಹಾಕಿ ಪುಸ್ತಕ ಇಳಿಸಿದ. ಧೂಳು ಕೊಡವಿ ನನ್ನ ಕೈಗಿಡುತ್ತ, "ನಾಳೆ ಹೋಗು" ಅಂದ. ತಲೆ ಆಡಿಸುವುದು ಬಿಟ್ಟು ಅಪ್ಪ ತಾನೇ ಒಂದು ತೀರ್ಮಾನ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಎಂಟನೆಯ ಇಯತ್ತೆ ಪಾಸಾದ ಸುದ್ದಿ ಹೇಳಲು ಓಡಿದಾಗ ಖಾಲಾ ಜರಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈಗ ಹೆಂಗೆ ಅನಿಸ್ತೈತೆ? ಏನಾರ ಬ್ಯಾರೆ ಆಗೈತೇನು?"

"ಹಸಿವಾಗೈತೆ ಖಾಲಾ."

ಅವರು ಕಟ್ಟೆಯ ಕಡೆ ತಿರುಗಿ ಕೂಗಿದರು: "ಕೇಳಿದ್ರೇನ್ರಿ, ಹುಡುಗಿ ಕೆಟ್ಟಿಲ್ಲ!"

ಟ್ರೈನಿಂಗ್ ಮುಗಿಸಿ ನಾನು ಹರಿಹರದ ಒಂದು ಶಾಲೆಯಲ್ಲಿ ಮೇಡಂ ಆದೆ. ಅಷ್ಟು ಹೊತ್ತಿಗೆ ನಮ್ಮ ಓಣಿಯ ಹುಡುಗಿಯರು ಶಾಲೆಗೆ ಹೋಗುವುದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಟ್ಟೆಯಲ್ಲಿ ಈಗಲೂ ಮಾತು ನಡೆಯುತ್ತಿತ್ತು. ಆದರೆ ಯಾರಾದರೂ ಬಹಳ ಹೊತ್ತು ಮಾತಾಡಿದರೆ ಬಳೆ ಅಂಗಡಿ ಚಾಚಾರೇ, "ಸಾಕು, ಖಾಲಾ ಸಲಿಕೆ ತರ್ತಾರ ನೋಡು" ಅನ್ನುತ್ತಿದ್ದರಂತೆ. ಮಸೀದಿಯ ಹಿಂದಿನ ಹೂತುಹೋಗಿದ್ದ ಬಾವಿಯ ಹೂಳು ಎತ್ತಿದ್ದೂ ಆ ಕಟ್ಟೆಯವರೇ.

ಒಮ್ಮೆ ಮರಳು ನೋಡಲು ಬಂದ ಖಾಲಾ ಹೇಳದೆ ಕೇಳದೆ ನನ್ನ ಶಾಲೆಗೆ ಬಂದರು. ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂತು ಇಡೀ ಪಾಠ ಕೇಳಿದರು. ನಾನು ಬಹಳ ಹುರುಪಿನಿಂದ ಪಾಠ ಮಾಡಿದೆ. ಗಂಟೆ ಹೊಡೆದ ಮೇಲೆ, ಹೊಗಳಿಕೆಗೆ ಕಾದು ನಿಂತೆ.

"ಎಲ್ಲಾ ಚೆಂದ ಐತೆ," ಅಂದರು. "ಆದ್ರ ನೀನೂ ಬಾಳ ಮಾತಾಡ್ತಿ ನೋಡು."

ಆಮೇಲೆ ನನ್ನ ಕೆನ್ನೆ ಸವರಿ, ಬಳಪದ ಧೂಳು ಹತ್ತಿದ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನು ಹುಡುಕುತ್ತಿದ್ದರೋ ಕೇಳಬೇಕಿತ್ತು. ರೈಲಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟರು.

ಮರುವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸಿಕ್ಕ ರೈಲು ಹತ್ತಿ ದಾವಣಗೆರೆಗೆ ಬಂದೆ. ತೀರಿಕೊಂಡ ಹೆಂಗಸಿನ ಮಯ್ಯತ್ತಿಗೆ, ಅಂದರೆ ಶವಕ್ಕೆ, ಹೆಂಗಸರೇ ಸ್ನಾನ ಮಾಡಿಸಬೇಕು. ಮಗಳಿಲ್ಲದ ಖಾಲಾಗೆ ಮಗಳಂತೆ ಒಂದು ತಂಬಿಗೆ ನೀರು ನಾನೇ ಹಾಕಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಿತ್ತಲಿಗೆ ಕಾಲಿಟ್ಟಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲೇ ನಿಂತು ಅಳುತ್ತಿದ್ದರು. ಒಳಗೆ ಹೋಗಲು ಎಲ್ಲರಿಗೂ ಆಸೆ. ಆದರೆ ಒಬ್ಬೊಬ್ಬರ ಸೊಂಟದ ಮೇಲೂ ಒಂದೊಂದು ಕೂಸು. ಕೂಸುಗಳನ್ನು ಇಳಿಸಿಕೊಳ್ಳುತ್ತಿದ್ದ ಖಾಲಾ ಒಳಗೆ ಚಾಪೆಯ ಮೇಲೆ ಮಲಗಿದ್ದರು.

ನಾನು ಬೇವಿನ ಮರದ ಕೆಳಗೆ ಕೂತು ಕೈಚಾಚಿದೆ. ಒಂದು ಕೂಸು ಬಂತು, ಇನ್ನೊಂದು ಬಂತು, ಮಡಿಲು ತುಂಬಿತು. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ನೀರಿನ ಸದ್ದು ಹೊರಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಬಾಗಿಲಿಗೆ ಬಂದು ಕರೆದಳು: "ಬಾರೇ, ಮುಖ ಮುಚ್ತಾರ. ಕೊನೀ ಸಲ ನೋಡ್ಕೊಂಡು ಹೋಗು."

ಮಡಿಲಲ್ಲಿದ್ದ ಕೂಸು ಆಗತಾನೆ ಕಣ್ಣು ಮುಚ್ಚಿತ್ತು. "ನೀವು ನೋಡ್ರವ್ವ," ಅಂದೆ. "ನಾನು ಇಲ್ಲೇ ಇರ್ತೀನಿ."