ಓಟದ ನಡುವೆ ಸಿಕ್ಕ ತವರು

ಇದು ನಡೆದದ್ದು ಕಳೆದ ವರ್ಷ, ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ. ಆ ದಿನವನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಾನು ಪಾಂಡವಪುರದಲ್ಲಿ ಬ್ಲೌಸು ಹೊಲಿಯುವವಳು. ವರ್ಷಾನುಗಟ್ಟಲೆ ಮಿಷನ್ನಿನ ಮುಂದೆ ಕೂತೂ ಕೂತೂ ಮೈ ಭಾರವಾಗಿ, ಸಕ್ಕರೆ ಕಾಯಿಲೆ ಒಳಗೆ ಬರಲೋ ಬೇಡವೋ ಎಂದು ಹೊಸಿಲಲ್ಲಿ ನಿಂತಿತ್ತು. ಡಾಕ್ಟರು "ದಿನಾ ನಡೀರಿ" ಎಂದರು. ನಡೆಯಲು ಹೋದವಳು, ನಮ್ಮೂರಿನ ಆಟದ ಮೇಷ್ಟ್ರು ಚಂದ್ರು ಕಟ್ಟಿದ್ದ ಭಾನುವಾರದ ಓಟದ ಗುಂಪಿಗೆ ಸೇರಿಕೊಂಡೆ. "ಯಾರು ಬೇಕಾದ್ರೂ ಬನ್ನಿ ಮೇಡಂ, ಎಷ್ಟು ನಿಧಾನವಾದ್ರೂ ಪರವಾಗಿಲ್ಲ" ಎಂದಿದ್ದರು. ನಿಧಾನ ಎಂದರೆ ಎಷ್ಟು ನಿಧಾನ ಎಂದು ಪಾಪ ಅವರಿಗೂ ನನ್ನನ್ನು ನೋಡುವವರೆಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಓಟದ ಪ್ಯಾಂಟು ಯಾವುದೂ ನನಗೆ ಸರಿಹೋಗಲಿಲ್ಲ. ನಾನೇ ಒಂದು ಹೊಲಿದುಕೊಂಡೆ. ಅದರ ಮೇಲೆ ಮೊಣಕಾಲು ಮುಚ್ಚುವ ಟಾಪು, ಟಾಪಿನ ಮೇಲೆ ದುಪಟ್ಟಾ. ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವ ನನ್ನ ಯಜಮಾನರು ಅದನ್ನು ನೋಡಿ, "ಓಡಕ್ಕೆ ಒಂಟಿದ್ದೀಯೋ, ಮದ್ವೆಗೆ ಒಂಟಿದ್ದೀಯೋ?" ಎಂದರು. ಬಾಯಲ್ಲಿ ಹಾಸ್ಯ ಮಾಡಿದರೂ ಭಾನುವಾರ ನನಗಿಂತ ಮೊದಲೇ ಎದ್ದು, ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಓಟ ಮುಗಿಯುವವರೆಗೆ ನನ್ನ ಚಪ್ಪಲಿ ಕಾಯುತ್ತಾ ನಿಲ್ಲುವವರು ಅವರೇ.

ಪ್ರತಿ ಓಟದಲ್ಲೂ ನಾನೇ ಕೊನೆ. ಕೊನೆ ಬರುವುದಕ್ಕೆ ನನಗೆ ಬೇಜಾರಿರಲಿಲ್ಲ, ಯಾರಾದರೊಬ್ಬರು ಕೊನೆಗೆ ಬರಲೇಬೇಕಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ವಿಷಯಕ್ಕೆ. ಓಟ ಮುಗಿಯುವ ಜಾಗದಲ್ಲಿ ಎರಡು ಕಂಬ ನಿಲ್ಲಿಸಿ ಬ್ಯಾನರು ಕಟ್ಟುತ್ತಾರೆ. ಅದರ ಕೆಳಗೆ ಓಡಿ ಬಂದವರಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಕೊರಳಿಗೆ ಪದಕ ಹಾಕುತ್ತಾರೆ. ನಾನು ತಲುಪುವ ಹೊತ್ತಿಗೆ ಬ್ಯಾನರು ಮಡಚಿಟ್ಟಿರುತ್ತಿದ್ದರು, ಕಂಬಗಳು ಆಟೋ ಏರಿರುತ್ತಿದ್ದವು. ಪದಕವನ್ನು ಚೀಲದಲ್ಲಿ ಹುಡುಕಿ ಕೈಗೆ ಕೊಡುತ್ತಿದ್ದರು, ಸೊಸೈಟಿಯಲ್ಲಿ ರೇಷನ್ ಕೊಟ್ಟ ಹಾಗೆ.

ಆ ಭಾನುವಾರದ್ದು ನನ್ನ ಮೊದಲ ಹತ್ತು ಕಿಲೋಮೀಟರ್ ಓಟ. ಒಂಬತ್ತು ಗಂಟೆಯವರೆಗೆ ಬ್ಯಾನರು ಬಿಚ್ಚುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಒಂದೇ ಒಂದು ಸಲ ಅದರ ಕೆಳಗೆ ಓಡಿ ದಾಟಬೇಕು ಎಂಬ ಆಸೆ ನನಗೆ. "ಇವತ್ತೂ ಆಗ್ಲಿಲ್ಲ ಅಂದ್ರೆ ನನಗೆ ಈ ಓಟಾನೇ ಬೇಡ, ಸುಮ್ಮನೆ ಮಿಷನ್ ಮುಂದೆ ಕೂತ್ಕೋತೀನಿ" ಎಂದು ಯಜಮಾನರಿಗೆ ಹೇಳಿಯೇ ಹೊರಟಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅಂದದ್ದನ್ನು ಮಾಡಿಬಿಡುವವಳು ಎಂದು ಅವರಿಗೂ ಗೊತ್ತು.

ಓಟ ಶುರುವಾಗುವುದು ತೊಣ್ಣೂರು ಕೆರೆ ಏರಿಯಿಂದ. ನಾಲೆಯ ಸೇತುವೆಯವರೆಗೆ ಹೋಗಿ, ಅಲ್ಲಿಂದ ತಿರುಗಿ, ಮತ್ತೆ ಏರಿಗೇ ಬರಬೇಕು. ಆ ಸೇತುವೆ ದಾಟಿದರೆ ಸಿಗುವುದೇ ನನ್ನ ತವರೂರು! ನಲವತ್ತೇಳು ವರ್ಷದ ಹೆಂಗಸು ಪ್ಯಾಂಟು ಹಾಕಿಕೊಂಡು ರಸ್ತೆಯಲ್ಲಿ ಓಡುತ್ತಾಳೆ ಎಂದರೆ ಊರಿನವರು ಏನಂದುಕೊಂಡಾರು? ಅಣ್ಣ ಶಿವಣ್ಣನಿಗಾಗಲಿ ಅತ್ತಿಗೆ ಜಯಮ್ಮನಿಗಾಗಲಿ ನಾನು ಓಡುವ ವಿಷಯ ಹೇಳಿಯೇ ಇರಲಿಲ್ಲ.

ಹೇಳುವಷ್ಟು ಹೋಗಿ ಬರುವುದೂ ಇರಲಿಲ್ಲ ಎನ್ನಿ. ಅವ್ವ ಹೋದ ಮೇಲೆ ನಾನು ತವರಿಗೆ ಹೋಗುವುದು ಗೌರಿ ಹಬ್ಬಕ್ಕೆ ಮಾತ್ರ. ಜಗಳವೇನೂ ಇಲ್ಲ. ಅತ್ತಿಗೆಯದು ಮೊದಲಿನಿಂದಲೂ ಅಳೆದು ತೂಗಿ ಆಡುವ ಮಾತು. "ಬಂದ್ಯಾ? ಕಾಪಿ ಕುಡಿ" ಎನ್ನುವುದು, ಹೊರಡುವಾಗ ಮಡಿಲಿಗೆ ಅಕ್ಕಿ, ಕಾಯಿ, ರವಿಕೆ ಕಣ ಹಾಕುವುದು, ಅಷ್ಟೇ. ಅವ್ವನ ಹಾಗೆ ಇನ್ನೆರಡು ದಿನ ಇರೇ ಎಂದು ಕೈ ಹಿಡಿದು ಎಳೆಯುವವರಿಲ್ಲ. ತವರು ಅವ್ವನ ಜೊತೆಗೇ ಹೋಯಿತು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಓಟ ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲರೂ ಕಣ್ಮರೆಯಾದರು. ಆಲೆಮನೆಯ ಹೊಗೆ, ಬೆಲ್ಲದ ವಾಸನೆ, ಕಬ್ಬಿನ ಗಾಡಿಗಳು, ಅವುಗಳ ಮಧ್ಯೆ ನಾನೊಬ್ಬಳು. ಆಮೇಲೆ ಸೇತುವೆ ಮುಟ್ಟಿ ತಿರುಗಿದವರು ಒಬ್ಬೊಬ್ಬರೇ ಎದುರಿಗೆ ಬರತೊಡಗಿದರು. "ಸೂಪರ್ ಮೇಡಂ, ಬನ್ನಿ ಬನ್ನಿ" ಎನ್ನುತ್ತಿದ್ದರು. ಎಲ್ಲಿಗೆ ಬರಲಿ, ನೀವು ವಾಪಸ್ ಹೋಗುತ್ತಿದ್ದೀರಿ, ನಾನಿನ್ನೂ ಹೋಗುತ್ತಿದ್ದೇನೆ ಎಂದು ಒಳಗೊಳಗೇ ಬೈದುಕೊಂಡೆ.

ಅಂತೂ ಸೇತುವೆ ಬಂತು. ಅಲ್ಲಿ ಕುಡಿಯುವ ನೀರು ಇಟ್ಟಿರುತ್ತೇವೆ ಎಂದಿದ್ದರು. ಮೇಜೂ ಇಲ್ಲ, ನೀರೂ ಇಲ್ಲ. ಹಿಂದೆ ಯಾರೂ ಉಳಿದಿಲ್ಲ ಎಂದುಕೊಂಡು ಎತ್ತಿಕೊಂಡು ಹೋಗಿಬಿಟ್ಟಿದ್ದರು. ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ನೀರಿಲ್ಲದೆ ವಾಪಸ್ ಓಡುವುದು ಸಾಧ್ಯವೇ ಇರಲಿಲ್ಲ. ಸೇತುವೆ ದಾಟಿದ ಕೂಡಲೇ ತವರೂರಿನ ನೀರಿನ ಟ್ಯಾಂಕಿದೆ. ಎರಡು ಬೊಗಸೆ ಕುಡಿದು ಓಡಿಬಿಡೋಣ ಎಂದು ಹೊರಟೆ. ಎದೆ ಮೇಲೆ ಚುಚ್ಚಿದ್ದ ಓಟದ ನಂಬರು ಯಾರಿಗೂ ಕಾಣದಿರಲಿ ಎಂದು ದುಪಟ್ಟಾವನ್ನು ಮೈತುಂಬ ಹೊದ್ದುಕೊಂಡೆ. ಆ ಜಾಣತನವೇ ನನಗೆ ಮುಳುವಾಯಿತು.

ಟ್ಯಾಂಕಿನ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದವರು ಪುಟ್ಟಮ್ಮಜ್ಜಿ. ನಮ್ಮ ತವರಿನ ಎದುರು ಮನೆಯವರು, ನನ್ನನ್ನು ಎತ್ತಿ ಆಡಿಸಿದವರು. ಕೆದರಿದ ಕೂದಲು, ಕೆಂಪಾದ ಮುಖ, ಬೆವರು ಸುರಿಸುತ್ತಾ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ ನನ್ನನ್ನು ನೋಡಿ ಅವರಿಗೆ ಗಾಬರಿಯಾಯಿತು.

"ಅಯ್ಯೋ ನನ್ನವ್ವ, ಭಾಗ್ಯ ಅಲ್ವಾ ನೀನು? ಇದೇನವ್ವಾ ಇಂಗೆ ಓಡ್ಬಂದಿದ್ದೀಯ?"

ನನಗೆ ಉಸಿರೇ ಇಲ್ಲ. "ಏನಿಲ್ಲಜ್ಜಿ... ಓಡ್ಬೇಕು... ಒತ್ತಾಯ್ತು... ಬುಡಿ..." ಎಂದೆ.

"ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?" ಎಂದು ಅಜ್ಜಿ ನನ್ನ ಹಿಂದಿನ ರಸ್ತೆಯನ್ನು ಇಣುಕಿ ನೋಡಿದರು. ನನ್ನ ಖಾಲಿ ಕೈ ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು, "ಲೇ ಶಿವಣ್ಣಾ! ಬಾರ್ಲಾ ಈಚೆಗೆ! ನಿನ್ ತಂಗಿ ಗಂಡನ್ ಮನೆ ಬುಟ್ಟು ಓಡ್ಬಂದವ್ಳೆ ಕಣ್ಲಾ!"

ಅಜ್ಜಿಯದು ತಪ್ಪೆನ್ನಲಾರೆ. ನಮ್ಮ ಕಡೆ ಮದುವೆಯಾದ ಹೆಣ್ಣು ತವರಿಗೆ ಬರುವುದಕ್ಕೆ ಒಂದು ರೀತಿಯಿದೆ. ಮೊದಲೇ ಫೋನು ಮಾಡುತ್ತಾಳೆ, ಸೀರೆ ಉಟ್ಟು ಬಸ್ಸಿಳಿಯುತ್ತಾಳೆ, ಕೈಯಲ್ಲಿ ಹೂವು ಹಣ್ಣಿನ ಬ್ಯಾಗಿರುತ್ತದೆ. ಬೆಳ್ಳಂಬೆಳಿಗ್ಗೆ, ಒಬ್ಬಳೇ, ಬರಿಗೈಯಲ್ಲಿ, ಅದೂ ಓಡುತ್ತಾ ಬಂದರೆ ಅದಕ್ಕೆ ಇರುವುದು ಒಂದೇ ಅರ್ಥ.

ಕಣ್ಣು ಮಿಟುಕಿಸುವುದರೊಳಗೆ ಹೆಂಗಸರೆಲ್ಲ ಸುತ್ತುವರಿದರು. "ಒಡೆದ್ನೇನವ್ವಾ?" "ಕುಡಿಯಕ್ ಕಲ್ತವ್ನಾ?" "ನೋಡಕ್ ಎಷ್ಟ್ ಒಳ್ಳೆಯವ್ನಂಗವ್ನೆ, ಯಾರ್ನೂ ನಂಬಂಗಿಲ್ಲ ಬುಡು." ನಾನು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದಷ್ಟೂ "ಪಾಪ, ಈಗ್ಲೂ ಗಂಡನ್ನ ಬುಟ್ಕೊಡಕಿಲ್ಲ ನೋಡು" ಎಂದು ಲೊಚಗುಟ್ಟಿದರು. ಅಷ್ಟರಲ್ಲಿ ಅಣ್ಣ ಲುಂಗಿ ಎತ್ತಿ ಕಟ್ಟಿಕೊಂಡು, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಓಡಿ ಬಂದ. ನನ್ನ ಮುಖ ನೋಡಿದವನೇ ಯಜಮಾನರಿಗೆ ಫೋನು ಹಚ್ಚಿದ. ಅವರ ಫೋನು ಯಾವಾಗಲೂ ಸ್ಕೂಟರಿನ ಡಬ್ಬಿಯೊಳಗೆ ಇರುತ್ತದೆ, ಅವರು ಎಲ್ಲಿಂದ ಎತ್ತಬೇಕು!

"ಫೋನ್ ಎತ್ತಾಯಿಲ್ಲ! ತಪ್ಪು ಮಾಡವ್ನೆ, ಅದಕ್ಕೇ ಎತ್ತಾಯಿಲ್ಲ" ಎಂದು ಅಣ್ಣ ಗುಡುಗಿದ.

ಅತ್ತ ಬ್ಯಾನರು ಬಿಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಸಲ ಜೋರಾಗಿ ಕಿರುಚಿ ಎಲ್ಲರ ಬಾಯಿ ಮುಚ್ಚಿಸಬೇಕು ಎಂದು ಉಸಿರು ಎಳೆದುಕೊಂಡೆ. ಆಗ ಅತ್ತಿಗೆ ಬಂದರು.

ಕೊಟ್ಟಿಗೆಯಿಂದ ನೇರ ಎದ್ದು ಬಂದಿದ್ದರು, ಎರಡೂ ಕೈ ಸಗಣಿ. "ಯಾರೂ ಏನೂ ಕೇಳ್ಬ್ಯಾಡ್ರಿ ಅವಳ್ನ, ಉಸಿರಾಡಕ್ ಬುಡ್ರಿ" ಎಂದು ಎಲ್ಲರನ್ನೂ ಗದರಿದರು. ನನಗೆ ಸಗಣಿ ತಾಗದಂತೆ ಅಂಗೈ ದೂರ ಹಿಡಿದು, ಮೊಣಕೈಯಲ್ಲೇ ನನ್ನನ್ನು ಹತ್ತಿರಕ್ಕೆ ಒತ್ತಿಕೊಂಡರು.

"ನಡಿ ಒಳಕ್ಕೆ. ಯಾಕ್ ಬಂದೆ, ಏನಾಯ್ತು, ನಾನ್ ಕೇಳಕಿಲ್ಲ. ಯೋಳ್ಬೇಕು ಅನ್ನುಸ್ದಾಗ ಯೋಳು, ಇಲ್ದಿದ್ರೆ ಬ್ಯಾಡ. ಇದು ನಿನ್ ಮನೆ ಕಣವ್ವ. ಅತ್ತೆಮ್ಮ ಇಲ್ದಿದ್ರೇನು, ನಾನ್ ಸತ್ತೋಗಿದ್ದೀನಾ? ಎಷ್ಟ್ ದಿನ ಬೇಕೋ ಅಷ್ಟ್ ದಿನ ಇರು."

ನನಗೆ ಏನಾಯಿತೋ ಗೊತ್ತಿಲ್ಲ. ಅವರ ಭುಜದ ಮೇಲೆ ಮುಖವಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಅವ್ವ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಊರಿನವರಿಗೆ ಇನ್ನೇನು ಸಾಕ್ಷಿ ಬೇಕು? ಅಣ್ಣ ಮೊಪೆಡ್ಡು ಹತ್ತಿ, "ಇವತ್ತು ಅವ್ನ ಮೂಳೆ ಮುರಿದೇ ನೀರು ಕುಡಿಯೋದು" ಎಂದು ಪೆಡಲು ತುಳಿಯತೊಡಗಿದ.

ಅಳು ಒಂದು ಕಡೆ, ಏದುಸಿರು ಒಂದು ಕಡೆ, ನಡುವೆ ನಗು ಬೇರೆ. ದುಪಟ್ಟಾ ಕಿತ್ತು ನಂಬರು ತೋರಿಸಿದೆ. "ಅಣ್ಣಾ, ನಿಲ್ಲು! ಅವ್ರೇನೂ ಮಾಡಿಲ್ಲ! ಕೆರೆ ಏರಿ ಮೇಲೆ ನನ್ನ ಚಪ್ಲಿ ಕಾಯ್ತಾ ನಿಂತವ್ರೆ. ಇದು ಓಟದ ಸ್ಪರ್ಧೆ. ನಾನು ಕೊನೇಲಿದ್ದೀನಿ, ಅಷ್ಟೇ!"

"ಅಂಗಾರೆ ಗಂಡ ಒಡೀನಿಲ್ವಾ?" ಎಂದು ಪುಟ್ಟಮ್ಮಜ್ಜಿ ಕೇಳಿದರು, ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ಆಮೇಲೆ ನೋಡಿ ನಗು! ಬಿಂದಿಗೆ ಹಿಡಿದಿದ್ದವರು ಬಿಂದಿಗೆ ಇಳಿಸಿ ನಕ್ಕರು.

ಅಣ್ಣ ಮಾತ್ರ ನಗಲಿಲ್ಲ. "ಮತ್ಯಾಕೆ ಅಂಗ್ ಅತ್ತೆ?" ಎಂದ.

ಅತ್ತಿಗೆಯೇ ಎಲ್ಲೋ ನೋಡುತ್ತಾ, "ಸುಮ್ಕಿರಿ, ದಣಿವಾಗಿರ್ತದೆ" ಎಂದರು.

ಮೊಪೆಡ್ಡಿನಲ್ಲಿ ಕೂರು, ಕೆರೆ ಹತ್ತಿರ ಬಿಡುತ್ತೇನೆ ಎಂದು ಅಣ್ಣನ ಹಠ. "ಗಾಡೀಲಿ ಓದ್ರೆ ಅದು ಓಟ ಎಂಗಾಯ್ತದೆ? ಅವಳು ಓಡ್ಲಿ, ನಾವ್ ಇಂದ್ಗಡೆ ಓಗವ" ಎಂದು ಅತ್ತಿಗೆ ಕೈ ತೊಳೆದು, ಹಾಲಿನ ಕ್ಯಾನಿಗೆ ಮಜ್ಜಿಗೆ ತುಂಬಿಕೊಂಡು ಬಂದರು. ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನಾನು, ಹಿಂದೆ ಮೊಪೆಡ್ಡಿನ ಮೇಲೆ ಗಂಡ ಹೆಂಡತಿ. "ಒಸಿ ಬಿರ್ರನೆ ಓಡೇ, ಇಷ್ಟ್ ನಿಧಾನಕ್ಕೆ ಓದ್ರೆ ಗಾಡಿ ಆಫಾಯ್ತದೆ" ಎಂದು ಅಣ್ಣ ಕೂಗುತ್ತಿದ್ದ. ನಿಜವಾಗಿಯೂ ಎರಡು ಸಲ ಆಫಾಯಿತು. ಕಬ್ಬಿನ ಗಾಡಿಯವರು ಸಿಕ್ಕಿದರೆ ಸಾಕು, "ನಮ್ ತಂಗಿ ಕಣ್ಲಾ, ಓಟಕ್ಕೆ ಬಂದವ್ಳೆ, ಜಾಗ ಬುಡು" ಎಂದು ಜಂಬದಿಂದ ಹೇಳುತ್ತಿದ್ದ.

ಅರ್ಧ ದಾರಿಯಲ್ಲಿ ಅತ್ತಿಗೆ ಮೊಪೆಡ್ಡಿನಿಂದ ಇಳಿದು ನನ್ನ ಪಕ್ಕಕ್ಕೆ ಬಂದರು. ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು, ಆದರೂ ಇಬ್ಬರೂ ಜೊತೆಯಲ್ಲೇ ಇದ್ದೆವು. ನನ್ನ ಓಟದ ವೇಗ ಎಂಥದ್ದು ಎಂದು ಇದರಲ್ಲೇ ತಿಳಿಯಿರಿ.

"ಹಬ್ಬಕ್ ಬಂದಾಗ್ಲೂ ಬಸ್ಸಿನ್ ಟೈಮ್ ನೋಡ್ಕಂಡೇ ಕುಂತಿರ್ತೀಯ. ಇರು ಅಂತ ಎಂಗ್ ಯೋಳ್ಲಿ ನಾನು?" ಎಂದು ಅತ್ತಿಗೆ ಇದ್ದಕ್ಕಿದ್ದಂತೆ ಹೇಳಿದರು. "ಪ್ಯಾಟೇಲಿ ಕೆಲ್ಸ ಇರ್ತದೇನೋ, ನಾನ್ ಇಡ್ಕಂಡ್ರೆ ನಿಂಗೆ ತೊಂದ್ರೆ ಅಂತ ಸುಮ್ಕಾಯ್ತಿದ್ದೆ."

ನಾನು ಬಸ್ಸಿನ ಟೈಮ್ ನೋಡುತ್ತಿದ್ದದ್ದು, ಯಾರೂ ಇರು ಎನ್ನುವುದಿಲ್ಲವಲ್ಲ ಎಂದು. ಅದನ್ನು ಹೇಳೋಣವೆಂದರೆ ಓಡುತ್ತಿದ್ದವಳಿಗೆ ಉಸಿರಿರಲಿಲ್ಲ. ಅವರ ಕೈ ಹಿಡಿದುಕೊಂಡು ಓಡಿದೆ.

ಕೆರೆ ಏರಿ ತಲುಪಿದಾಗ ಒಂಬತ್ತು ಹೊಡೆದು ಬಹಳ ಹೊತ್ತಾಗಿತ್ತು. ಬ್ಯಾನರು ಮಡಚಿಟ್ಟಿದ್ದರು, ಕಂಬಗಳು ಆಟೋ ಏರಿದ್ದವು. ಯಜಮಾನರು ನನ್ನನ್ನು ಹುಡುಕಲು ಸ್ಕೂಟರು ತಿರುಗಿಸುತ್ತಿದ್ದರು. ಹಿಂದೆ ಅಣ್ಣ ಅತ್ತಿಗೆಯನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. "ಯಾಕ್ ಶಿವಣ್ಣ, ಯಾರ್ಗೇನಾಯ್ತು?" ಎಂದರು.

"ಏನಿಲ್ಲ ಭಾವ, ನಿಮ್ ಮೂಳೆ ಮುರಿಯಕ್ಕೆ ಒಂಟಿದ್ದೆ. ಒಸಿದ್ರಲ್ಲಿ ತಪ್ಪುಸ್ಕಂಡ್ರಿ" ಎಂದ ಅಣ್ಣ. ವಿಷಯ ತಿಳಿದ ಮೇಲೆ ಯಜಮಾನರು ನಕ್ಕರು, ಆದರೆ ಆ ನಗುವಿನಲ್ಲಿ ಸ್ವಲ್ಪ ಭಯವೂ ಇತ್ತು. ಈಗಲೂ ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ, "ಬೇಡಮ್ಮಾ ಬೇಡ, ನಿಮ್ಮಣ್ಣ ಮೊಪೆಡ್ ತೆಗೀತಾನೆ" ಎಂದು ಕೈ ಮುಗಿಯುತ್ತಾರೆ.

ಚಂದ್ರು ಮೇಷ್ಟ್ರಿಗೆ ನಾಚಿಕೆಯಾಗಿರಬೇಕು. "ಇರಿ ಮೇಡಂ, ಬ್ಯಾನರು ಮತ್ತೆ ಕಟ್ಟಿಸ್ತೀನಿ, ದಾಟಿ" ಎಂದು ಆಟೋ ಕಡೆ ಓಡಿದರು.

"ಬೇಡಿ ಮೇಷ್ಟ್ರೇ, ಮುಂದಿನ ಸಲ ದಾಟ್ತೀನಿ" ಎಂದೆ.

ಓಟವೇ ಬೇಡ ಎಂದಿದ್ದವಳ ಮುಖವನ್ನು ಯಜಮಾನರು ಒಮ್ಮೆ ನೋಡಿ, ನನ್ನ ಚಪ್ಪಲಿ ತಂದು ಮುಂದಿಟ್ಟರು. ಅತ್ತಿಗೆ, "ಮುಂದಿನ್ ಸಲಾನೂ ಇತ್ಲಾಗೇ ಓಡ್ತೀಯಾ? ಅಂಗಾರೆ ಮನೆಗ್ ಬಂದು ತಿಂಡಿ ತಿನ್ಕಂಡ್ ಓಗು" ಎಂದರು.

ಈಗ ಗುಂಪಿನ ಓಟವಿಲ್ಲದ ಭಾನುವಾರ ನಾನು ತೊಣ್ಣೂರಿನಿಂದ ತವರೂರಿಗೆ ಒಬ್ಬಳೇ ಓಡುತ್ತೇನೆ. ಅತ್ತಿಗೆ ರೊಟ್ಟಿ ತಟ್ಟಿಟ್ಟು ಕಾಯುತ್ತಿರುತ್ತಾರೆ. ಸಂಜೆಯವರೆಗೆ ಅಲ್ಲೇ ಇರುತ್ತೇನೆ, ಬಸ್ಸಿನ ಟೈಮ್ ನೋಡುವುದಿಲ್ಲ. ಗುಂಪಿನ ಓಟದಲ್ಲಿ ಇವತ್ತಿಗೂ ನಾನೇ ಕೊನೆ. ಬೇಜಾರಾದ ದಿನ ಉಂಟು, ಬಿಟ್ಟುಬಿಡೋಣ ಎನಿಸಿದ ದಿನ ಆಮೇಲೆ ಬಂದಿಲ್ಲ.

ಮದುವೆಯಾಗಿ ಹೋದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬದುಕುತ್ತೇವೆ, ಬಾಯಿಬಿಟ್ಟು ಯಾರನ್ನೂ ಕೇಳುವುದಿಲ್ಲ. ನಿಜವಾಗಿಯೂ ಒಂದು ದಿನ ಬರಿಗೈಯಲ್ಲಿ ಹೋಗಿ ತವರಿನ ಬಾಗಿಲಲ್ಲಿ ನಿಂತರೆ ಒಳಗೆ ಕರೆಯುತ್ತಾರಾ? ನನಗೆ ಅಂಥ ದಿನ ಬಂದಿಲ್ಲ, ನನ್ನ ಗಂಡ ಚಿನ್ನದಂಥ ಮನುಷ್ಯ. ಆದರೆ ಉತ್ತರ ಮಾತ್ರ ಸಿಕ್ಕಿದೆ. ಆ ದಿನ ನಾನು ಸ್ವಲ್ಪ ಜೋರಾಗಿ ಓಡಿದ್ದಿದ್ದರೆ, ಅದು ನನಗೆ ಸಾಯುವತನಕ ಗೊತ್ತಾಗುತ್ತಿರಲಿಲ್ಲ.