ಇಬ್ಬರಿಗೂ ಬಲಗಡೆಯ ಹೂವು

ಸಂಜೆಯಾದರೆ ನಮ್ಮ ಮನೆಯ ಜಗಲಿಯ ಮೇಲೆ ರಸ್ಕಿನ ಚೂರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಿಂದೆ ಎರಡು, ನಡುವೆ ಮೂರು, ತುದಿಯಲ್ಲಿ ಒಂಟಿಯಾಗಿ ಒಂದು. ಎಲ್ಲಕ್ಕೂ ಹಿಂದೆ ಗೋಡೆಗೆ ಬೆನ್ನು ಕೊಟ್ಟ ಖಾಲಿ ಟೀ ಲೋಟ. ಹೊಸಬರಾದರೆ ನೀವು ಇದನ್ನು ಇರುವೆಗಳಿಗಿಟ್ಟ ನೈವೇದ್ಯವೆಂದುಕೊಂಡೀರಿ. ಅಲ್ಲ, ಅದು ಏಳು ಜನರ ನಮ್ಮ ಗುಂಡ್ಲುಪೇಟೆ ಫುಟ್‌ಬಾಲ್ ತಂಡ. ಪಕ್ಕದ ಬೇಕರಿಯಲ್ಲಿ ಕೂರಲು ಜಾಗವಿಲ್ಲದ್ದರಿಂದ ಅಲ್ಲಿ ಟೀ ಕೊಂಡವರೆಲ್ಲ ನನ್ನ ಜಗಲಿಯನ್ನೇ ಮೈದಾನ ಮಾಡಿಕೊಂಡಿದ್ದಾರೆ. ಫಾರ್ಮೇಷನ್ ಚರ್ಚೆ ಮುಗಿಯುವ ಹೊತ್ತಿಗೆ ಆಟಗಾರರನ್ನು ಒಬ್ಬೊಬ್ಬರಾಗಿ ಟೀಯಲ್ಲಿ ಅದ್ದಿ ತಿಂದಿರುತ್ತಾರೆ.

ನನಗೆ ಫುಟ್‌ಬಾಲ್ ತಿಳಿಯದು. ಆಫ್‌ಸೈಡ್ ಎಂದರೇನೆಂದು ಎಷ್ಟೋ ಜನ ಎಷ್ಟೋ ಸಲ ವಿವರಿಸಿದ್ದಾರೆ. ಪ್ರತಿ ಸಲವೂ ಅರ್ಥವಾದಂತೆ ತಲೆಯಾಡಿಸಿದ್ದೇನೆ, ಮ್ಯಾಚ್ ನೋಡುವಾಗ ಮತ್ತೆ ಹೊಸದಾಗಿ ಕಂಗಾಲಾಗಿದ್ದೇನೆ. ಆದರೆ ಈ ಸಲದ ನನ್ನ ಕನ್‌ಫ್ಯೂಷನ್ ಅದಲ್ಲ. ಭಾನುವಾರದ ಫೈನಲ್ ನಡೆಯಬೇಕಾಗಿದ್ದದ್ದು ಗುಂಡ್ಲುಪೇಟೆಗೂ, ನಾವು ಬರೀ ನಗರ ಎನ್ನುವ ಚಾಮರಾಜನಗರಕ್ಕೂ. ನಾನು ಹುಟ್ಟಿದ್ದು ನಗರದಲ್ಲಿ, ಅರಿಶಿನದ ಮಂಡಿಯ ವಾಸನೆ ಬೆಳಗಿನ ಹೊತ್ತು ಕಿಟಕಿಯಿಂದ ಒಳಬರುತ್ತಿದ್ದ ಬೀದಿಯಲ್ಲಿ. ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದು, ಇಂಗ್ಲಿಷ್ ಪಾಠ ಮಾಡಿ, ತಲೆ ನರೆಸಿಕೊಂಡದ್ದು ಗುಂಡ್ಲುಪೇಟೆಯಲ್ಲಿ. "ಮಿಸ್ಸಮ್ಮ, ನೀವ್ ಯಾರ ಕಡೆ?" ಎಂದು ಜಗಲಿಯವರು ಕೇಳಿದಾಗಲೆಲ್ಲ ಒಳಗೆ ಹಾಲು ಉಕ್ಕುತ್ತಿದೆಯೆಂಬ ನೆವ ಹೂಡಿ ಎದ್ದುಹೋಗುತ್ತಿದ್ದೆ.

ಟೀ ಲೋಟದ ಮೇಲೆ ಮೊದಲು ಸಂಶಯದ ಬೆರಳಿಟ್ಟವನು ಟೈಲರ್ ನಾಗರಾಜು.

"ಎಲ್ಲಾ ಸರಿ ಕಣ್ಲಾ, ಈ ಲೋಟದ್ದೇ ಡೌಟು. ಅಳಿಯ ಬಂದು ಎದುರ್ಗ ನಿಂತ್ಕಂಡ್ರ ಮಾವ ಅಡ್ಡ ಬಿದ್ದಾನಾ?"

ಲೋಟವೆಂದರೆ ಮಾದೇಶ. ಗೂಡ್ಸ್ ಆಟೋದಲ್ಲಿ ತರಕಾರಿ, ಹೂವು ಸಾಗಿಸುವವನು. ಮೀಸೆ ಬಂದಂದಿನಿಂದ ನಲವತ್ತು ದಾಟಿದ ಇವತ್ತಿನವರೆಗೂ ಊರಿನ ಗೋಲ್‌ಕೀಪರ್. ಅವನ ಅಕ್ಕ ರಾಜಮ್ಮನನ್ನು ಕೊಟ್ಟಿರುವುದು ನಗರದ ಹತ್ತಿರದ ಹರದನಹಳ್ಳಿಗೆ. ಆಕೆಯ ಮಗ ಚೇತನನೇ ನಗರ ತಂಡದಲ್ಲಿ ಗೋಲು ಹೊಡೆಯುವವನು. ಚಿಕ್ಕಂದಿನಲ್ಲಿ ರಜೆ ಬಂತೆಂದರೆ ಆ ಹುಡುಗ ಮಾವನ ಮನೆಯಲ್ಲೇ ಇರುತ್ತಿದ್ದ. ಅವನಿಗೆ ಚೆಂಡು ಒದೆಯಲು ಕಲಿಸಿದವನೇ ಮಾದೇಶ.

"ಬಿದ್ದಾನು ಬುಡ್ಲಾ, ಅವ್ನೇನ್ ಇವತ್ತು ನೆನ್ನೆ ನಿಂತವ್ನಾ?" ಎಂದ ಮೊಬೈಲ್ ಅಂಗಡಿಯ ಕುಮಾರ.

"ಅಳಿಯನ್ನ ನೋಡಕ ಮೈಸೂರಿಂದ ಕ್ಲಬ್ನೋರು ಬತ್ತಾವ್ರಂತ. ಒಂದ್ ಗೋಲ್ ಒಡುದ್ರ ಹುಡ್ಗನ ದಾರಿ ಸಲೀಸಾಯ್ತದ. ಅದುಕ್ಕ ಯಾವ್ ಮಾವ ಅಡ್ಡ ಬಿದ್ದಾನು?" ನಾಗರಾಜು ಬಿಡಲಿಲ್ಲ.

ಬೇಕರಿಯ ಬಾಬು ಚೇಟ ವಯನಾಡಿನವರು, ಚೆಂಡಿನ ವಿಷಯದಲ್ಲಿ ಅವರ ಮಾತಿಗೆ ತೂಕ ಹೆಚ್ಚು. ಬಾಗಿಲಿನಿಂದಲೇ ಕೂಗಿದರು: "ಬಾಲಿಗೆ ಮಾವ ಅಳಿಯ ಗೊತ್ತಿಲ್ಲ ಮೋನೇ. ನಮ್ಮ ಕಡೆ ಅಪ್ಪ ಮಗನೇ ಎದುರೆದುರು ಆಡ್ತಾರೆ."

"ನಿಮ್ ಕಡೆ ಬುಡಿ ಚೇಟ, ಬಾಲ್ ಸಿಕ್ಕುದ್ರ ಮದ್ವ ಮನಲೂ ಒದೀತೀರಿ!"

ನಗುವಿನ ನಡುವೆ ಮಾದೇಶನ ಆಟೋ ಬಂದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಅವನು ಇಳಿದು ಬಂದು, ಬಗ್ಗಿ, ಲೋಟವನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ.

"ಬೇರೆ ಲೋಟ ಇಟ್ಕಳಿ. ನಾನ್ ನಿಲ್ಲಕಿಲ್ಲ. ಬಾಲ್ ಬುಟ್ರ ನೀವ್ ಬಾಯ್ ಬುಡಕಿಲ್ಲ, ಇಡುದ್ರ ನಮ್ಮಕ್ಕ ಮನೆ ಒಳಕ ಬುಡಕಿಲ್ಲ."

ಅವನು ಆಟೋ ಹತ್ತಿ ಹೋದ. ಊರಿಗೆ ಬೇರೆ ಗೋಲ್‌ಕೀಪರ್ ಇರಲಿಲ್ಲ. ಅನುಮಾನವೆಂಬುದು ಎಷ್ಟು ಸೋಮಾರಿಯಾದ ಸುಖ ನೋಡಿ, ಟೀ ಕುಡಿಯುತ್ತ ಕುಡಿಯುತ್ತ ಒಬ್ಬನ ಇಡೀ ಆಯುಷ್ಯದ ನೆಚ್ಚಿಕೆಯನ್ನು ಪಕ್ಕಕ್ಕೆ ಸರಿಸಿಬಿಡಬಹುದು. ಆದರೆ ಹಾಗೆಂದು ನಾಗರಾಜುವನ್ನು ದೂರಲೂ ನನ್ನಿಂದಾಗಲಿಲ್ಲ. ಅವನ ಪ್ರಶ್ನೆ ನನ್ನೊಳಗೂ ಇತ್ತಲ್ಲ.

ಮನುಷ್ಯರಿಂದ ಬಗೆಹರಿಯದ್ದಕ್ಕೆ ನಮ್ಮ ಕಡೆ ಹೂ ಕೇಳುವ ಪದ್ಧತಿಯಿದೆ. ದೇವಿಯ ವಿಗ್ರಹದ ಮೈಮೇಲೆ ಒದ್ದೆ ಹೂಗಳನ್ನು ಅಂಟಿಸಿ, ಮನಸ್ಸಿನ ಮಾತನ್ನು ಮುಂದಿಟ್ಟು, ಕೈಮುಗಿದು ಕಾಯುವುದು. ಬಲಗಡೆಯ ಹೂ ಬಿದ್ದರೆ ಆಯಿತು ಎಂದರ್ಥ, ಎಡಗಡೆಯದಾದರೆ ಬೇಡ. ನಮ್ಮವರು ನಗರದ ರಸ್ತೆಯ ಪಕ್ಕದಲ್ಲಿರುವ ಅಮ್ಮನ ಗುಡಿಗೆ ಬೈಕುಗಳಲ್ಲಿ ಹೋಗಿ, ಫೈನಲ್ ಗೆಲ್ಲುತ್ತೇವೆಯೇ ಎಂದು ಕೇಳಿದರು. ಬಲಗಡೆಯಿಂದಲೇ ಬಿತ್ತಂತೆ. ಸಂಜೆ ರಸ್ಕಿನ ಬದಲು ಬಾಬು ಚೇಟ ಎಲ್ಲರಿಗೂ ಕೇಕು ಹಂಚಿದರು.

ಮಾರನೆಯ ದಿನ ಸುದ್ದಿ ಬಂತು. ನಗರದವರೂ ಅದೇ ಗುಡಿಗೆ ಹೋಗಿ ಅದೇ ಪ್ರಶ್ನೆ ಕೇಳಿದ್ದರು. ಅವರಿಗೂ ಬಲಗಡೆಯ ಹೂವು.

"ಡ್ರಾ ಅಂತಾಳಾ ಅಮ್ಮ?"

"ಫೈನಲ್ನಲ್ಲಿ ಡ್ರಾ ಎಲ್ಲದಲಾ? ಪೆನಾಲ್ಟಿ ಒಡುಸ್ತಾರ."

"ಹಂಗಾದ್ರ ಪೂಜಾರಪ್ಪಂದೇ ಫೌಲು!"

ಜಗಲಿಯ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಪುಟ್ಟಮ್ಮ ಆಗ ತಲೆಯೆತ್ತಿದಳು. ಮಾದೇಶನ ತಾಯಿ, ಚೇತನನ ಅಜ್ಜಿ; ನನ್ನ ಗೆಳತಿಯೆಂದರೂ ಅವಳೇ. "ಅವ್ಳೂ ತಾಯಿ ಕಣ್ರಪ್ಪ. ಇಬ್ರೂ ಬಂದು ಸೆರಗು ಇಡುದ್ರ ಅವ್ಳು ಯಾರ್ಗ ಇಲ್ಲ ಅಂದಾಳು?" ಎಂದು ಮತ್ತೆ ನಾರಿಗೆ ಗಂಟು ಹಾಕಿದಳು. ಗಂಟು ಬಿಗಿಯಾಗಲಿಲ್ಲ, ಬಿಚ್ಚಿ ಮತ್ತೆ ಹಾಕಿದಳು.

ಮರುದಿನ ಬೆಳಿಗ್ಗೆ "ಬನ್ನಿ ಮಿಸ್ಸಮ್ಮ, ಓಗಿ ಬರನ" ಎಂದು ನನ್ನನ್ನೂ ಬಸ್ಸು ಹತ್ತಿಸಿದಳು. ಗುಡಿಯಲ್ಲಿ ಹೂ ಅಂಟಿಸಿದ ಪೂಜಾರಿ, "ಏನ್ ಕೇಳ್ಕತೀಯವ್ವ?" ಎಂದರು. ಪುಟ್ಟಮ್ಮ ಬಾಯಿ ತೆರೆದಳು. ಮಗ ಹಿಡಿಯಲಿ ಎಂದರೆ ಮೊಮ್ಮಗನ ದಾರಿಗೆ ಕಲ್ಲು. ಮೊಮ್ಮಗ ಹೊಡೆಯಲಿ ಎಂದರೆ ಮಗನ ಹೆಸರಿಗೆ ಮಸಿ. ಒಂದು ಹೂವು ಇನ್ನೇನು ಬೀಳುವಂತೆ ಅಲುಗುತ್ತಿತ್ತು. ಅದು ಎಲ್ಲಿ ಬಿದ್ದುಬಿಡುತ್ತದೋ ಎಂಬ ಭಯದಲ್ಲೋ ಏನೋ, ಅವಳು ಬೇಗ ಬೇಗ ಹೇಳಿದಳು: "ಏನೂ ಇಲ್ಲ ಕನಪ್ಪ. ಅವ್ವುನ್ನ ನೋಡ್ಕಂಡು ಹೋಗನ ಅಂತ ಬಂದೆ."

ವಾಪಸು ಬರುವಾಗ ಕಿಟಕಿಯ ಪಕ್ಕ ಕುಳಿತು ನನ್ನ ಕಾನ್ವೆಂಟಿನ ದಿನಗಳನ್ನು ನೆನೆದೆ. "ಲೆಟ್ ದ ಬೆಟರ್ ಟೀಮ್ ವಿನ್, ಗರ್ಲ್ಸ್" ಎನ್ನುತ್ತಿದ್ದರು ನಮ್ಮ ಗೇಮ್ಸ್ ಸಿಸ್ಟರ್. ಎಂಥ ಸೊಗಸಾದ, ಇಸ್ತ್ರಿ ಮಾಡಿದ ಮಾತು! ನಾನೂ ಎಷ್ಟು ಮಕ್ಕಳಿಗೆ ಅದನ್ನು ಬರೆಸಿದ್ದೇನೆ. ಮೈದಾನದಲ್ಲಿ ತಮ್ಮವರು ಯಾರೂ ಇಲ್ಲದವರಿಗೆ, ಇಲ್ಲವೇ ತಮ್ಮವರು ಒಂದೇ ಕಡೆ ಇರುವವರಿಗೆ ಆ ಮಾತು ಒಗ್ಗುತ್ತದೆ. ಎರಡೂ ಕಡೆ ಕರುಳು ಹಂಚಿಕೊಂಡವರು ಏನೆಂದು ಕೂಗಬೇಕು, ಡಿಯರ್ ಸಿಸ್ಟರ್? ಪಕ್ಕದಲ್ಲಿ ಪುಟ್ಟಮ್ಮ ಕಣ್ಣು ಮುಚ್ಚಿದ್ದಳು. ನಿದ್ದೆಯೋ ಯೋಚನೆಯೋ ತಿಳಿಯಲಿಲ್ಲ.

ಶನಿವಾರ ಸಂಜೆ ಚೇತನ ತಾನೇ ಬಂದ. ಎದುರಾಳಿಯನ್ನು ಕಂಡು ಜಗಲಿಯವರು ರಸ್ಕುಗಳನ್ನೆಲ್ಲ ಗುಟ್ಟಾಗಿ ಬಾಯಿಗೆ ಹಾಕಿಕೊಂಡರು. ಅವನು ಯಾರ ಮುಖವನ್ನೂ ನೋಡದೆ, ತಾಯಿಯನ್ನು ಕರೆದೊಯ್ಯಲು ಬಂದಿದ್ದ ಮಾದೇಶನೆದುರು ನಿಂತ.

"ಮಾವ, ನೀವ್ ನಿಲ್ನಿಲ್ಲ ಅಂದ್ರ ನಮ್ಮೋರು ನಾನೇ ನಿಮ್ ಕೈಕಾಲ್ ಇಡ್ದು ತಪ್ಪುಸ್ದೆ ಅಂತಾರ. ಆಮೇಲ ನಾನ್ ಎಷ್ಟ್ ಗೋಲ್ ಒಡುದ್ರೂ ಗೋಲ್ ಅನ್ನಕಿಲ್ಲ. ಈಗ್ಲೇ ಅಂತಾವ್ರ, ಮಾವನ್ ಮೇಲ ನೀನ್ ಜೋರಾಗ್ ಒದೀತೀಯಾ ಅಂತ."

ಅಂದರೆ ಅಲ್ಲಿಯೂ ಒಂದು ಜಗಲಿ, ಅಲ್ಲಿಯೂ ಒಬ್ಬ ನಾಗರಾಜು! ನಮ್ಮ ನಾಗರಾಜು ಬಾಯಲ್ಲಿದ್ದ ರಸ್ಕನ್ನು ಅಗಿಯುವುದನ್ನೇ ಮರೆತ. ಮಾದೇಶ ಹುಡುಗನ ಬೂಟುಗಳನ್ನು ನೋಡಿ ಕೇಳಿದ:

"ಎಡಗಾಲೋ ಬಲಗಾಲೋ?"

"ಅದ್ನ ಯೋಳಕಾಯ್ತದಾ ಮಾವ?"

ಮಾದೇಶ ನಕ್ಕುಬಿಟ್ಟ. ನಾಳೆ ನಿಲ್ಲುತ್ತಾನೆಂದು ಎಲ್ಲರಿಗೂ ತಿಳಿಯಿತು.

ಭಾನುವಾರ ಪುಟ್ಟಮ್ಮನೂ ನಾನೂ ಗೋಲಿನ ಹಿಂದೆ, ಮಗನ ಬೆನ್ನು ಕಾಣುವಂತೆ ಕುಳಿತೆವು. ಇಂಟರ್ವೆಲ್ ಆದ ಮೇಲೆ ಎರಡೂ ತಂಡಗಳು ದಿಕ್ಕು ಬದಲಿಸಿದವು. ನಮ್ಮೆದುರಿನ ಗೋಲಿಗೆ ಈಗ ನಗರದ ಕೀಪರ್ ಬಂದ. "ಇದ್ಯಾವ ನ್ಯಾಯ?" ಎಂದು ಪುಟ್ಟಮ್ಮ ಎದ್ದಳು. ಮಾದೇಶ ನಿಂತ ಕಡೆಗೆ ಮೈದಾನ ಸುತ್ತಿ, ಸೆರಗು ಸುತ್ತಿಕೊಂಡು, ಜನರನ್ನು ಸರಿಸಿಕೊಂಡು ನಾವು ಹೋಗಿ ಸೇರುವಷ್ಟರಲ್ಲೇ ಚೇತನ ಚೆಂಡಿನೊಡನೆ ಒಬ್ಬನೇ ನುಗ್ಗಿ ಬರುತ್ತಿದ್ದ. ಮುಂದೆ ಮಾವನ ಹೊರತು ಯಾರೂ ಇಲ್ಲ. ಪುಟ್ಟಮ್ಮನ ಉಗುರುಗಳು ನನ್ನ ಮಣಿಕಟ್ಟಿನಲ್ಲಿ ಇಳಿದವು. ಹುಡುಗ ತನ್ನ ಇಡೀ ಮೈಯನ್ನೇ ಕಾಲಿಗಿಳಿಸಿ ಒದ್ದ. ಮಾದೇಶ ಆ ಗಟ್ಟಿ ನೆಲಕ್ಕೆ, ಆ ವಯಸ್ಸಿಗೆ, ಅಡ್ಡಡ್ಡ ಹಾರಿ ಬಿದ್ದ. ಚೆಂಡು ಅವನ ಬೆರಳುಗಳನ್ನು ಹಿಂದಕ್ಕೆ ಮಡಿಸಿ ಬಲೆಗೆ ಹೋಯಿತು. ನಗರ ಗೆದ್ದದ್ದು ಆ ಒಂದೇ ಗೋಲಿನಿಂದ. ಅಮ್ಮ ನಮ್ಮವರಿಗೆ ಕೊಟ್ಟ ಹೂವು ಯಾವುದಕ್ಕೆಂದು ನನಗೆ ಇನ್ನೂ ತಿಳಿದಿಲ್ಲ.

ಸಂಜೆ ಜಗಲಿಯಲ್ಲಿ ನಾಗರಾಜು ಮಾದೇಶನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ಹೊಲಿಗೆ ಪರೀಕ್ಷಿಸುವವನಂತೆ ತಿರುಗಿಸಿ ತಿರುಗಿಸಿ ನೋಡಿದ. ಎರಡು ಬೆರಳು ಬಾತುಕೊಂಡಿದ್ದವು. "ಬಿದ್ದವ್ನ ಕಣ್ಲಾ," ಎಂದ ಮೆಲ್ಲಗೆ, "ಬಿದ್ದೇ ಬಿದ್ದವ್ನ."

ಮೈಸೂರಿನವರು ಬರಹೇಳಿದ್ದಾರೆಂಬ ಸುದ್ದಿಯೊಡನೆ ಚೇತನ ಓಡಿಬಂದ; ಮಾವನ ಕೈ ಕಂಡು ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಿದ. ಪುಟ್ಟಮ್ಮ ಬಿಸಿ ಅರಿಶಿನದ ಪಟ್ಟು ತಂದು, ಬೆರಳಿಗೆ ಬಳಿಯುತ್ತ ಇಬ್ಬರನ್ನೂ ಸಮವಾಗಿ ಬೈಯತೊಡಗಿದಳು.

"ಅಷ್ಟ್ ಜೋರಾಗ್ ಒದೀಬೌದೇನ್ಲಾ ಮಾವುನ್ ಕೈಗ? ನಿಂಗೇನ್ ಬಂದಿತ್ತು ಮಾದೇಸ, ಈ ವಯಸ್ನಲ್ಲಿ ಹಂಗ್ ಬೀಳಕ?" ಎಂದವಳು ಒದ್ದೆ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದಳು. "ನೀವೇ ಯೋಳಿ ಮಿಸ್ಸಮ್ಮ, ಓದ್ದೋರು. ನಾನೀಗ ಗೆದ್ನಾ, ಸೋತ್ನಾ?"

ನಾನು ಯೋಚಿಸಿದೆ. ಇಂಗ್ಲಿಷಿನಲ್ಲಿ ಯೋಚಿಸಿದೆ, ಕನ್ನಡದಲ್ಲಿ ಯೋಚಿಸಿದೆ. ಅವಳು ಕಾಯಲಿಲ್ಲ.

"ಓಗ್ಲಿ ಬುಡಿ, ಈ ಬಟ್ಟೆ ತುದಿ ಇಡ್ಕಳಿ, ಗಂಟಾಕ್ತೀನಿ."

ಹಿಡಿದುಕೊಂಡೆ. ಇನ್ನೊಂದು ತುದಿಯನ್ನು ಚೇತನ ಹಿಡಿದಿದ್ದ.